ಅಂಗಡಿ ಬೋರ್ಡಿಗೂ ಅಪ್ಪಣೆ

ಅಮೆರಿಕದ ಸಿಯಾಟಲ್ ನಗರದ ಪೈಕ್ ಪ್ಲೇಸ್ ಮಾರ್ಕೆಟ್ಟಿನಲ್ಲಿ ಅಂಗಡಿ ಇಟ್ಟವರು ಹೊಸ ಬೋರ್ಡು ಹಾಕಬೇಕೆಂದರೆ ಸೀದಾ ಪೇಂಟರನ್ನು ಕರೆಯುವ ಹಾಗಿಲ್ಲ. ಮೊದಲು ಅರ್ಜಿ ಹಾಕಬೇಕು. ಬೋರ್ಡಿನ ಅಳತೆ, ಬಣ್ಣ, ದೀಪ, ಗೋಡೆಗೆ ಕೂರಿಸುವ ಬಗೆ ಎಲ್ಲವನ್ನೂ ಆಯೋಗವೊಂದು ಬಹಿರಂಗ ಸಭೆಯಲ್ಲಿ ನೋಡಿ ಒಪ್ಪಬೇಕು. ಒಳಗೆ ಏನು ಮಾರುತ್ತೀರಿ, ಮಾಲೀಕರು ಯಾರು ಎಂದೂ ಅದು ಕೇಳುತ್ತದೆ. ಕಟ್ಟಡಗಳ ಚಹರೆ ಕಾಯುವ ವಿನ್ಯಾಸ ವಲಯಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಚಾರ್ಲ್‌ಸ್ಟನ್ ನಗರ 1931ರಲ್ಲೇ ಅಂಥ ಕಾನೂನು ಮಾಡಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತವರನ್ನೂ ವಿಚಾರಿಸುವ ವಲಯ ಮಾತ್ರ ಅಪರೂಪ.

ಈ ಮಾರ್ಕೆಟ್ಟು ಹುಟ್ಟಿದ್ದೇ ನಗರ ಕೌನ್ಸಿಲ್ಲಿನ ತೀರ್ಮಾನದಿಂದ. 1907ರಲ್ಲಿ ಈರುಳ್ಳಿ ಬೆಲೆ ವಿಪರೀತ ಏರಿ, ಜನ ದಲ್ಲಾಳಿಗಳ ಮೇಲೆ ಸಿಟ್ಟಾಗಿದ್ದರು. ರೈತರೇ ನೇರವಾಗಿ ಮಾರಲಿ ಎಂದು ಕೌನ್ಸಿಲ್ ಸದಸ್ಯ ಥಾಮಸ್ ರೆವೆಲ್ ಪಟ್ಟು ಹಿಡಿದರು. ಆಗಸ್ಟ್ 17ರಂದು ಬಂದ ಕೆಲವೇ ಗಾಡಿಗಳ ಸರಕು ಮಧ್ಯಾಹ್ನದೊಳಗೆ ಖಾಲಿಯಾಯಿತು. ಮುಂದೆ ಇಲ್ಲಿ ಮಾರುತ್ತಿದ್ದ ರೈತರಲ್ಲಿ ಬಹಳಷ್ಟು ಮಂದಿ ಜಪಾನಿ ಮೂಲದವರು. 1942ರಲ್ಲಿ ಸರ್ಕಾರ ಅವರನ್ನು ಯುದ್ಧಕಾಲದ ಶಿಬಿರಗಳಿಗೆ ಸಾಗಿಸಿದ ಮೇಲೆ ಮಾರ್ಕೆಟ್ಟು ಸೊರಗಿತು.

1960ರ ದಶಕದಲ್ಲಿ ಅದೇ ಕೌನ್ಸಿಲ್ಲಿಗೆ ಇದು ಹಳೇ ಕೊಂಪೆಯಂತೆ ಕಂಡಿತು. ಕೆಡವಿ ಹೋಟೆಲು, ಕಚೇರಿ, ವಸತಿ ಗೋಪುರ, ಪಾರ್ಕಿಂಗ್ ಕಟ್ಟುವ ಯೋಜನೆ ಸಿದ್ಧವಾಯಿತು. ಎದುರು ನಿಂತವರಲ್ಲಿ ಮುಂದಾಳು ವಾಸ್ತುಶಿಲ್ಪಿ ವಿಕ್ಟರ್ ಸ್ಟೈನ್‌ಬ್ರೂಕ್. ಅವರು ಮಾರ್ಕೆಟ್ಟಿನಲ್ಲಿ ಕೂತು ಕಟ್ಟೆ, ಕಂಬ, ತರಕಾರಿ ಆಯುವ ಮುದುಕರನ್ನು ಚಿತ್ರಿಸಿ 1968ರಲ್ಲಿ ಪುಸ್ತಕವಾಗಿ ತಂದರು. ಪ್ರಚಾರವೆಂದರೆ ಹೀಗಿರಬೇಕು! ಈ ನಡುವೆ ರಕ್ಷಿತ ಪ್ರದೇಶದ ಗಡಿಯೂ ಹಿಗ್ಗಿ ಕುಗ್ಗಿತು: ಒಮ್ಮೆ 17 ಎಕರೆ, ಒತ್ತಡ ಬಂದ ಮೇಲೆ ಬರೀ 1.7 ಎಕರೆ. ಸಿಯಾಟಲ್‌ನಲ್ಲಿ ಸಾಕಷ್ಟು ಸಹಿ ಸಂಗ್ರಹಿಸಿದರೆ ನಾಗರಿಕರೇ ಕಾನೂನಿನ ಕರಡನ್ನು ಮತಕ್ಕೆ ಹಾಕಬಹುದು. ಹೋರಾಟಗಾರರು ಆ ದಾರಿ ಹಿಡಿದರು. 1971ರ ನವೆಂಬರ್ 2ರಂದು ಮತದಾರರು ಅವರ ಪರವಾಗಿ ನಿಂತು, ಸುಮಾರು 7 ಎಕರೆಯ ಐತಿಹಾಸಿಕ ವಲಯವನ್ನೂ ಅದಕ್ಕೊಂದು ಆಯೋಗವನ್ನೂ ಮಂಜೂರು ಮಾಡಿದರು.

ಆಯೋಗದ ರಚನೆಯಲ್ಲಿ ಒಳ್ಳೆಯ ಜಾಣತನವಿದೆ. 12 ಸದಸ್ಯರು, ಮೇಯರ್ ನೇಮಿಸಬೇಕು, ಕೌನ್ಸಿಲ್ ಒಪ್ಪಬೇಕು. ಆದರೆ ಯಾರನ್ನೆಂದರೆ ಅವರನ್ನು ತುಂಬುವಂತಿಲ್ಲ. ವ್ಯಾಪಾರಿಗಳು ಇಬ್ಬರು, ಅಲ್ಲೇ ವಾಸಿಸುವವರು ಇಬ್ಬರು, ಆಸ್ತಿ ಮಾಲೀಕರು ಇಬ್ಬರು. ಉಳಿದ ಆರು ಜನ ವಾಸ್ತುಶಿಲ್ಪಿಗಳ ಸಂಘ ಮತ್ತು ಎರಡು ನಾಗರಿಕ ಸಂಘಟನೆಗಳ ಕಡೆಯವರು. ಮಾಲೀಕರಷ್ಟೇ ಒಂದಾದರೆ ಏನೂ ನಡೆಯದು, ವಿನ್ಯಾಸ ಪಂಡಿತರಷ್ಟೇ ಒಂದಾದರೂ ಅಷ್ಟೇ.

ಸರಣಿ ಅಂಗಡಿಗಳಿಗೆ ಇಲ್ಲಿ ಜಾಗವಿಲ್ಲ. ಇಲ್ಲೇ ಹುಟ್ಟಿ ಬೆಳೆದವಕ್ಕೆ ವಿನಾಯಿತಿ. ಹಾಗಾಗಿ ಸ್ಟಾರ್‌ಬಕ್ಸ್ ಉಳಿದಿದೆ. ಬೀದಿಯಲ್ಲಿರುವ ಆ ಹಳೆಯ ಮಳಿಗೆಯ ಕಿಟಕಿಯಲ್ಲಿ ಲೋಕಕ್ಕೆಲ್ಲ ಪರಿಚಿತವಾದ ಹಸಿರು ಲಾಂಛನವಿಲ್ಲ, ಮೊದಲ ಕಾಲದ ಕಂದು ಬಣ್ಣದ ಮತ್ಸ್ಯಕನ್ಯೆಯೇ ಇದ್ದಾಳೆ. ಸಣ್ಣ ವ್ಯಾಪಾರಿಗೆ ಈ ಕಾವಲು ಕಿರಿಕಿರಿಯೂ ಹೌದು. ಒಂದು ಪರದೆ ಬದಲಾಯಿಸಲು ಸಭೆಯ ದಿನ ಕಾಯುವುದು ಯಾರಿಗೆ ಹಿಡಿಸುತ್ತದೆ? ಆದರೆ ಬೀದಿಯಲ್ಲಿ ಬರೀ ನೆನಪಿನ ಕಾಣಿಕೆಗಳ ಅಂಗಡಿಗಳೇ ತುಂಬಿಕೊಳ್ಳದಂತೆ ತಡೆದದ್ದೂ ಇದೇ ಕಿರಿಕಿರಿ.

ವಲಯದ ಹಗ್ಗವನ್ನು ಹೇಗೆಂದರೆ ಹಾಗೆ ಎಳೆಯಲಾಗದು ಎಂಬುದು 2018ರಲ್ಲಿ ಗೊತ್ತಾಯಿತು. ಮಾರ್ಕೆಟ್ಟಿನ ಹತ್ತಿರದ ಷೋಬಾಕ್ಸ್ ಎಂಬ ಸಂಗೀತ ರಂಗಮಂದಿರ 1939ರದ್ದು. ಅದರ ಜಾಗದಲ್ಲಿ 44 ಅಂತಸ್ತಿನ ಗೋಪುರ ಏಳುತ್ತದೆಂದು ಸುದ್ದಿಯಾದಾಗ ಅಭಿಮಾನಿಗಳು ಕೌನ್ಸಿಲ್ ಸಭೆಗೆ ನುಗ್ಗಿದರು. ಕೆಲವೇ ವಾರಗಳಲ್ಲಿ ಕೌನ್ಸಿಲ್ ಆ ಕಟ್ಟಡವನ್ನು ತಾತ್ಕಾಲಿಕವಾಗಿ ವಲಯದೊಳಕ್ಕೆ ಸೇರಿಸಿಬಿಟ್ಟಿತು. ಮಾಲೀಕರು ಕೋರ್ಟಿಗೆ ಹೋದರು. ಒಂದೇ ಆಸ್ತಿಯನ್ನು ಗುರಿಯಿಟ್ಟು ಹೀಗೆ ನಿಯಮ ಬದಲಿಸಿದ್ದು ಕಾನೂನುಬಾಹಿರವೆಂದು 2019ರಲ್ಲಿ ತೀರ್ಪು ಬಂತು. ಅದಾಗಿ ಕೆಲವೇ ವಾರಗಳಲ್ಲಿ ನಗರದ ಇನ್ನೊಂದು ಮಂಡಳಿ ತನ್ನ ಮಾಮೂಲಿ ವಿಚಾರಣೆ ಮುಗಿಸಿ ಷೋಬಾಕ್ಸನ್ನು ಸಂರಕ್ಷಿತ ಹೆಗ್ಗುರುತೆಂದು ಸಾರಿತು. ಅದಕ್ಕೆ ಮಾರ್ಕೆಟ್ಟಿನ ಗಡಿಯನ್ನು ಮುಟ್ಟುವ ಅಗತ್ಯವೇ ಬರಲಿಲ್ಲ.