ದಕ್ಷಿಣಕ್ಕೆ ಹಳ್ಳ

ಪತ್ರ ಬರಹಗಾರರು ಕನ್ನಡಕ ಏರಿಸಿಕೊಂಡು ನಾಲ್ಕು ಕ್ರಯಪತ್ರಗಳ ನಕಲನ್ನು ಇಸವಿ ಪ್ರಕಾರ ಮೇಜಿನ ಮೇಲೆ ಹರಡಿದರು. ಬೆಲೆ ನೋಡಲಿಲ್ಲ. ಯಾರು ಯಾರಿಗೆ ಬರೆದುಕೊಟ್ಟರು ಅಂತಲೂ ನೋಡಲಿಲ್ಲ. ನೇರವಾಗಿ ಷೆಡ್ಯೂಲಿನ ಪುಟ ತೆಗೆದು ಚಕ್ಕುಬಂದಿ ಮಾತ್ರ ಗಟ್ಟಿಯಾಗಿ ಓದತೊಡಗಿದರು. 1961ರ ಪತ್ರದಲ್ಲಿ: ಪೂರ್ವಕ್ಕೆ ಹುಣಸೆಮರ ಮತ್ತು ಬಂಡಿಜಾಡು, ಪಶ್ಚಿಮಕ್ಕೆ ನಮ್ಮದೇ ಬಾಕಿ ಜಮೀನು, ಉತ್ತರಕ್ಕೆ ಗೋಮಾಳ, ದಕ್ಷಿಣಕ್ಕೆ ಹಳ್ಳ. 1984ಕ್ಕೆ ಬಂದರೆ ಹುಣಸೆಮರ ಮಾಯ, ಬಂಡಿಜಾಡು ರಸ್ತೆಯಾಗಿದೆ, ದಕ್ಷಿಣಕ್ಕೆ ಮಾತ್ರ ಅದೇ ಹಳ್ಳ. 2003ರಲ್ಲಿ ದಕ್ಷಿಣಕ್ಕೆ ಖರಾಬು. 2019ರಲ್ಲಿ ದಕ್ಷಿಣಕ್ಕೆ 20 ಅಡಿ ರಸ್ತೆ.

“ನೋಡಮ್ಮ, ಹಳ್ಳ ಹೋಗಿ ಖರಾಬಾಯ್ತು, ಖರಾಬು ಹೋಗಿ ರಸ್ತೆಯಾಯ್ತು. ಪತ್ರದಲ್ಲಿ ಆಯ್ತು ಅಂತ ನೀರಿಗೆ ಗೊತ್ತಾಗುತ್ತಾ?” ಎಂದರು.

ನನ್ನ ತಂಗಿಯ ಮಗಳು ಲ್ಯಾಪ್‌ಟಾಪ್ ಮುಚ್ಚಿದಳು. ಅದರಲ್ಲಿದ್ದ ಎಕ್ಸೆಲ್ ಹಾಳೆಯಲ್ಲಿ ಇಎಂಐ ಇತ್ತು, ಮೆಟ್ರೊ ನಿಲ್ದಾಣಕ್ಕೆ ಎಷ್ಟು ದೂರ ಎಂದಿತ್ತು, ಕಾರ್ಪೆಟ್ ಏರಿಯಾ ಇತ್ತು, ಶಾಲೆಯ ಫೀಸೂ ಇತ್ತು. ಹಳ್ಳಕ್ಕೆ ಕಾಲಮ್ಮೇ ಇರಲಿಲ್ಲ.

ಬೆಂಗಳೂರಿನ ಅಂಚಿನ ಒಂದು ಉಪನೋಂದಣಾಧಿಕಾರಿ ಕಚೇರಿಯ ಎದುರಿನ ಓಣಿ ಅದು. ಜೆರಾಕ್ಸ್ ಅಂಗಡಿ, ಕೊಡೆ ಕೆಳಗೆ ಕೂತ ನೋಟರಿ, ಟೀ ಗಾಡಿ, ಫೈಲು ಹಿಡಿದು ಫೋನಿನಲ್ಲಿ ಕೂಗಾಡುವ ಬ್ರೋಕರುಗಳು. ಕ್ರಯಪತ್ರದ ಕರಡನ್ನು ಕಂಪ್ಯೂಟರೇ ಬರೆದುಕೊಡುವ ಕಾಲದಲ್ಲಿ ಈ ಪರವಾನಗಿದಾರ ಪತ್ರ ಬರಹಗಾರರ ಕಸುಬು ಕಮ್ಮಿಯಾಗಿದೆ. ಇವರ ಬಳಿ ಜನ ಈಗ ಬರೆಸುವುದಕ್ಕಿಂತ ಓದಿಸುವುದಕ್ಕೇ ಹೆಚ್ಚು ಬರುತ್ತಾರಂತೆ. ಹಳೆಯ ಮೋಡಿ ತಿರುವಿನ ಕೈಬರಹ ವಕೀಲರ ಕಚೇರಿಯ ಹುಡುಗರಿಗೆ ಬಿಡಿಸಲು ಬರುವುದಿಲ್ಲ. ನಾನು ಜೊತೆಗಿರಲಿ ಅಂತ ಹೋದವನು. ಮನೆ ಕೊಳ್ಳುವವರಿಗಿಂತ ಹೆಚ್ಚು ಹುಚ್ಚು ಹಿಡಿಸಿಕೊಂಡು ಬಂದವನೂ ನಾನೇ.

ಮೊದಲ ಮನೆ ಕೊಳ್ಳುವವರಿಗೆ ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಬ್ಯಾಂಕಿನವರು ಸಿಬಿಲ್ ಸ್ಕೋರ್ ಎನ್ನುತ್ತಾರೆ, ಮಾವನವರು ವಾಸ್ತು ಎನ್ನುತ್ತಾರೆ, ಸಹೋದ್ಯೋಗಿಗಳು ಏರಿಯಾ ಬೆಳೆಯುತ್ತೆ ಎನ್ನುತ್ತಾರೆ. ನನ್ನ ವಾದ ಬೇರೆ. ಶುರು ಮಾಡುವುದು ಚಕ್ಕುಬಂದಿಯಿಂದ. ಎಷ್ಟು ಸಾಲ ಸಿಗುತ್ತದೆ ಎಂದು ಕೇಳುವ ಮೊದಲೇ, ಸ್ವತ್ತಿನ ನಾಲ್ಕು ದಿಕ್ಕಿಗೆ ಏನಿದೆ, ಅಪ್ಪನ ಕಾಲದಲ್ಲಿ ಏನಿತ್ತು, ತಾತನ ಕಾಲದಲ್ಲಿ ಏನಿತ್ತು ಎಂದು ಕೇಳಬೇಕು. ಅಳತೆಗೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಯ ಕಡೆಗೇ ವಾಲುತ್ತವೆ. ಚದರಡಿ ಲೆಕ್ಕದಲ್ಲೇ ಮುಳುಗಿರುವವರು ಇದನ್ನು ಗಮನಿಸಬೇಕು.

1908ರ ನೋಂದಣಿ ಕಾಯ್ದೆಯ 21ನೇ ಕಲಮನ್ನು ಆ ಮೇಜಿನ ಮೇಲೆಯೇ ಮೊದಲ ಸಲ ಓದಿದೆ. ಪಟ್ಟಣದ ಮನೆಯಾದರೆ ಅದು ಯಾವ ಬೀದಿಗೆ ಮುಖ ಮಾಡಿದೆ, ಆ ಬೀದಿಯ ಉತ್ತರಕ್ಕಿದೆಯೋ ಬೇರೆ ಮಗ್ಗುಲಿಗಿದೆಯೋ, ಈಗ ಯಾರ ವಾಸ, ಹಿಂದೆ ಯಾರ ವಾಸ ಎಂದು ಬರೆಯಬೇಕು. ನಂಬರು ಹಾಕಿದ್ದರೆ ಅದನ್ನೂ ಬರೆಯಬೇಕು. ಅಂದರೆ ನಂಬರು ಕೊನೆಗೆ ಬರುತ್ತದೆ, ವಾಸವಿದ್ದವರು ಮೊದಲು ಬರುತ್ತಾರೆ. ಬ್ರಿಟಿಷರ ಕಾನೂನಿನಲ್ಲಿ ನಮ್ಮ ಅಗ್ರಹಾರದ ಅಜ್ಜಿಯ ದನಿ ಕೇಳಿದ ಹಾಗಾಯಿತು.

ಇನ್ನೂ ಹಿಂದಕ್ಕೆ ಹೋಗಬಹುದು. ನಾನಂತೂ ಹೋದೆ. ನಮ್ಮ ದಾನಶಾಸನಗಳಲ್ಲಿ ಎಲ್ಲೆ ಹೇಳುವ ಭಾಗವೇ ಎಷ್ಟೋ ಕಡೆ ದಾನದ ಮಾತಿಗಿಂತ ಉದ್ದ. ಕೆರೆಯ ಕೋಡಿ, ಹುತ್ತ, ಆಲದಮರ, ನೆಟ್ಟ ಕಲ್ಲು ಎಂದು ಮೂಡಣದಿಂದ ಹಿಡಿದು ಸುತ್ತು ಹಾಕಿ ಬರುತ್ತಾರೆ. ಬ್ರಾಹ್ಮಣರಿಗೆ ಬಿಟ್ಟ ಭೂಮಿಯ ಗಡಿಗೆ ವಾಮನಮುದ್ರೆಯ ಕಲ್ಲು, ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು. ಓದು ಬಾರದವನೂ ಕಲ್ಲು ನೋಡಿ ಯಾರ ನೆಲವೆಂದು ತಿಳಿಯಬೇಕಿತ್ತು. ಈಗ ಗೇಟೆಡ್ ಕಮ್ಯುನಿಟಿಯ ಕಮಾನು ಅದೇ ಕೆಲಸ ಮಾಡುತ್ತದೆ ಎಂದು ಸೋದರಸೊಸೆಯ ಗಂಡ ಚಟಾಕಿ ಹಾರಿಸಿದ. ಆದರೆ ಕಮಾನು ಗಡಿ ಹೇಳುವುದಿಲ್ಲ, ಮೆಂಟೇನೆನ್ಸ್ ಎಷ್ಟಿರಬಹುದು ಎಂದು ಮಾತ್ರ ಹೇಳುತ್ತದೆ.

ಫ್ಲ್ಯಾಟಿನ ಚಕ್ಕುಬಂದಿ ಮತ್ತೂ ವಿಚಿತ್ರ. ಪತ್ರದಲ್ಲಿ ಸಾಮಾನ್ಯವಾಗಿ ಮೂರು ಷೆಡ್ಯೂಲು. ಎ ಎಂದರೆ ಕಟ್ಟಡ ನಿಂತ ಇಡೀ ನೆಲ. ಬಿ ಎಂದರೆ ಅದರಲ್ಲಿ ನಿಮಗೆ ಬರುವ ಅವಿಭಜಿತ ಪಾಲು, ಇಂತಿಷ್ಟು ಚದರಡಿ ಎಂದು ಕಾಗದದಲ್ಲಿರುತ್ತದೆಯೇ ಹೊರತು ನೆಲದ ಮೇಲೆ ಬೆರಳಿಟ್ಟು ತೋರಿಸಲಾಗದು. ಸಿ ಎಂದರೆ ಫ್ಲ್ಯಾಟು. ನಮ್ಮೆದುರಿಗಿದ್ದ ಕರಡಿನಲ್ಲಿ ಏಳನೇ ಮಹಡಿಯ ಮನೆಗೆ ಪೂರ್ವಕ್ಕೆ ಲಿಫ್ಟ್ ಮತ್ತು ಲಾಬಿ, ಪಶ್ಚಿಮಕ್ಕೆ ತೆರೆದ ಜಾಗ, ಉತ್ತರಕ್ಕೆ ಪಕ್ಕದ ಫ್ಲ್ಯಾಟು, ದಕ್ಷಿಣಕ್ಕೆ ತೆರೆದ ಜಾಗ. ಎರಡು ದಿಕ್ಕಿಗೆ ಗಾಳಿಯೇ ಗಡಿ! ಅದೇ ಕರಡಿನಲ್ಲಿ, ಹಳೆಯ ಮಾದರಿಯಿಂದ ಎತ್ತಿ ಅಂಟಿಸಿದ್ದರಿಂದ, ಕೊಳ್ಳುವವರಿಗೆ ನಿಧಿ, ನಿಕ್ಷೇಪ, ಜಲ, ಪಾಷಾಣ ಸಮೇತ ಅಷ್ಟಭೋಗ ತೇಜಸ್ವಾಮ್ಯವೂ ದಾಖಲಾಗಿತ್ತು. ವಿಜಯನಗರದ ತಾಮ್ರಪಟಗಳಲ್ಲಿ ಬರುವ ಮಾತು ಏಳನೇ ಮಹಡಿಯ ಎರಡು ಬೆಡ್‌ರೂಮಿಗೂ ಬಂದು ನಿಂತಿದೆ. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು ಕರ್ನಾಟಕದಲ್ಲಿ 1962ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ಲಾಬಿಯ ಟೈಲ್ಸ್ ಕೆಳಗೆ ಸಿಕ್ಕರೆ ಯಾರಿಗೆ ಎಂದು ಕೇಳಿದೆ. ಪತ್ರ ಬರಹಗಾರರು ನಗಲಿಲ್ಲ. “ಅಸೋಸಿಯೇಷನ್ನಿಗೆ” ಎಂದರು.

ಹಳ್ಳದ ವಿಷಯಕ್ಕೆ ಬರೋಣ. ಬೆಂಗಳೂರಿನ ಕೆರೆಗಳು ಒಂದು ತುಂಬಿ ಇನ್ನೊಂದಕ್ಕೆ ಹರಿಯುವಂತೆ ಕಟ್ಟಿದವು. ನಡುವಿನ ಹಳ್ಳಗಳೇ ಇಂದಿನ ರಾಜಕಾಲುವೆ. ಹಳೆಯ ಗ್ರಾಮನಕ್ಷೆಯಲ್ಲಿ ಅವುಗಳ ಗೆರೆ ಇದೆ, ಪಹಣಿಯಲ್ಲಿ ಬಿ ಖರಾಬು ಎಂದಿದೆ. ಎ ಖರಾಬು ಎಂದರೆ ಬೇಸಾಯಕ್ಕೆ ಬಾರದ ಜಾಗ. ಬಿ ಖರಾಬು ಎಂದರೆ ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಜಾಗ, ಮಾರುವ ಹಾಗಿಲ್ಲ. 2003ರ ಪತ್ರದಲ್ಲಿ ಬರೀ ಖರಾಬು ಎಂದು ಬರೆದು ಎ-ಬಿ ಬಿಟ್ಟದ್ದು ಕೈತಪ್ಪಿನಿಂದಲ್ಲ ಎಂಬುದು ಪತ್ರ ಬರಹಗಾರರ ಅಭಿಪ್ರಾಯ. ನನ್ನದೂ ಅದೇ.

ಕಾಲುವೆಯಿಂದ ಎಷ್ಟು ಬಿಟ್ಟು ಕಟ್ಟಬೇಕು ಎಂಬುದೂ ಕದಲುತ್ತಲೇ ಬಂದಿದೆ. ‘ಮಾಸ್ಟರ್ ಪ್ಲಾನ್ 2015’ರಲ್ಲಿ ಕಾಲುವೆಯ ದರ್ಜೆ ನೋಡಿಕೊಂಡು 50, 25, 15 ಮೀಟರ್ ಇತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 50, 35, 25ಕ್ಕೆ ಏರಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಏರಿಕೆಯನ್ನು ತಳ್ಳಿಹಾಕಿತು. ಮಳೆ ಯಾವ ಆದೇಶವನ್ನೂ ಓದಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಸರ್ಜಾಪುರ ರಸ್ತೆಯ ಕಡೆ ಕೋಟಿ ಬೆಲೆಯ ವಿಲ್ಲಾಗಳವರು ಟ್ರ್ಯಾಕ್ಟರ್ ಹತ್ತಿ ಹೊರಬಂದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ.

ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಈಗ ಫೋನಿನಲ್ಲೇ ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ನಾವು ಪತ್ರ ಬರಹಗಾರರ ಓಣಿಯಿಂದ ಸೀದಾ ಕರಡಿನಲ್ಲಿದ್ದ ಕಟ್ಟಡದ ಬಳಿ ಹೋಗಿ ನಿಂತೆವು. 20 ಅಡಿ ರಸ್ತೆ ನಿಜಕ್ಕೂ ಇತ್ತು, ಕಾಂಕ್ರೀಟು ಹಾಕಿ ಚೆನ್ನಾಗಿಯೇ ಮಾಡಿದ್ದರು. ಒಂದು ಮೂಲೆಯಲ್ಲಿ ಕಬ್ಬಿಣದ ಜಾಲರಿ. ಅದರ ಕೆಳಗೆ, ಮಳೆಯಿಲ್ಲದ ದಿನದಲ್ಲೂ, ನೀರು ಓಡುತ್ತಿತ್ತು. ಸೇಲ್ಸ್ ಹುಡುಗ ಓಡಿಬಂದು ಕ್ಲಬ್‌ಹೌಸ್ ತೋರಿಸುತ್ತೇನೆ ಎಂದ. “ಮಾಮ, ಹೊರಡೋಣ” ಎಂದಳು ಹುಡುಗಿ. ಬುಕಿಂಗ್ ಹಣ ಕೊಟ್ಟಿರಲಿಲ್ಲವಾದ್ದರಿಂದ ಹೊರಡುವುದು ಸುಲಭವಾಯಿತು. ಕೊಡುವವರು ಒಂದು ಮಾತು ತಿಳಿದಿರಲಿ: ರೇರಾ ಕಾಯ್ದೆಯ ಪ್ರಕಾರ ನೋಂದಾಯಿತ ಕರಾರು ಪತ್ರವಾಗುವ ಮೊದಲು ಬಿಲ್ಡರು ಬೆಲೆಯ ಶೇ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ.

ಹಳೆಯ ಪತ್ರಗಳು ಎಲ್ಲಿ ಸಿಗುತ್ತವೆ ಎಂದು ಬಹಳ ಜನ ಕೇಳುತ್ತಾರೆ. ಮಾರುವವರ ಮುಲಾಜಿಗೆ ಕಾಯಬೇಕಿಲ್ಲ. ಸ್ಥಿರಾಸ್ತಿಯ ಪತ್ರಗಳು ದಾಖಲಾಗುವ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲು ಪಡೆಯಬಹುದು. ಋಣಭಾರ ಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಇಸಿ, 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಹಿಂದಿನದಕ್ಕೆ ಕೈಯಿಂದ ಹುಡುಕಿಸಬೇಕು. ವಹಿವಾಟು ಇದ್ದರೆ ಫಾರಂ 15, ಇಲ್ಲದಿದ್ದರೆ ಫಾರಂ 16. ಇಸಿ ಕ್ಲೀನ್ ಇದೆ ಎಂದು ಬೀಗುವ ಬ್ರೋಕರಿಗೆ ಒಂದು ಮಾತು ಹೇಳಿ: ನೋಂದಣಿಯಾಗದ ಪತ್ರ, ಬಾಯಿಮಾತಿನ ವಿಭಾಗ, ಬಾಕಿ ತೆರಿಗೆ ಯಾವುದೂ ಅದರಲ್ಲಿ ಕಾಣುವುದಿಲ್ಲ. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರದ ಮೇಲೆ ಮಾರಾಟ ಎನ್ನುವವರಿಗೆ 2011ರ ಸೂರಜ್ ಲ್ಯಾಂಪ್ ತೀರ್ಪು ತೋರಿಸಿದರೆ ಸಾಕು. ಜಿಪಿಎಯಿಂದ ಒಡೆತನ ಬದಲಾಗದು ಎಂದು ಸುಪ್ರೀಂ ಕೋರ್ಟ್ ಅಂದೇ ಹೇಳಿದೆ.

ರೆವಿನ್ಯೂ ಸೈಟು, ಬಿ ಖಾತೆಗಳ ಪುರಾಣ ಓದುಗರಿಗೆ ಹೊಸದಲ್ಲ. 1945ರ ನಗರ ಸುಧಾರಣಾ ಟ್ರಸ್ಟ್ ಮಂಡಳಿ (ಸಿಐಟಿಬಿ), 1976ರ ಬಿಡಿಎ ಹಂಚಿದ ನಿವೇಶನಗಳು ಸಾಲದೆ, ಊರು ಹೊಲಗಳ ಮೇಲೆ ತಾನೇ ಹರಡಿತು. ಭೂಪರಿವರ್ತನೆಯಿಲ್ಲದ ಹೊಲದಲ್ಲಿ ಸುಣ್ಣದ ಗೆರೆ ಎಳೆದು 30-40 ಎಂದು ಮಾರಿದರು. ಒಂದು ಗುಂಟೆಗೆ 1,089 ಚದರಡಿ, 30-40ಕ್ಕೆ 1,200. ಆ ಲೆಕ್ಕ ಹೊಂದಿಸುವಾಗಲೇ ಎಷ್ಟೋ ಹಳ್ಳಗಳು ಸೈಟಿನೊಳಗೆ ಸೇರಿಹೋದವು. ಇಂಥವನ್ನು ಸಕ್ರಮಗೊಳಿಸುವ ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತೆ ಕಡ್ಡಾಯ. ಒಳ್ಳೆಯದೇ. ಆದರೆ ತಪ್ಪು ಚಕ್ಕುಬಂದಿ ಕಂಪ್ಯೂಟರಿಗೆ ಹೋದರೆ ಕ್ಯೂಆರ್ ಕೋಡ್ ಸಮೇತ ತಪ್ಪಾಗಿಯೇ ಹೊರಬರುತ್ತದೆ ಎಂಬ ಗುಮಾನಿ ನನ್ನದು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. 60 ಲಕ್ಷದ ಮನೆಗೆ ರಿಸರ್ವ್ ಬ್ಯಾಂಕ್ ನಿಯಮದಂತೆ ಶೇ 80ರವರೆಗೆ, ಅಂದರೆ 48 ಲಕ್ಷ ಸಾಲ ಸಿಗಬಹುದು. ಉಳಿದ 12 ಲಕ್ಷ ಕೈಯಿಂದ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ ಶೇ 5.6, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2. ಇವೆರಡೇ 4,56,000 ರೂಪಾಯಿ. ಈ ಬೆಲೆಯ ಮನೆಗೆ ಸಾಲದ ಲೆಕ್ಕದಲ್ಲಿ ಶುಲ್ಕವನ್ನು ಸೇರಿಸುವಂತಿಲ್ಲವಾದ್ದರಿಂದ ಅದೂ ಕೈಯಿಂದಲೇ. 50 ಲಕ್ಷ ಮುಟ್ಟಿದರೆ ಶೇ 1 ಟಿಡಿಎಸ್ ಹಿಡಿದು ಕಟ್ಟುವ ಹೊಣೆ ಕೊಳ್ಳುವವರದು. ಶೇ 8.5 ಬಡ್ಡಿ, 20 ವರ್ಷವಾದರೆ ತಿಂಗಳಿಗೆ ಸುಮಾರು 41,650. ತೀರುವ ಹೊತ್ತಿಗೆ ಕಟ್ಟಿದ್ದು ಹತ್ತಿರ ಹತ್ತಿರ ಒಂದು ಕೋಟಿ.

ಹುಡುಗಿ ಈಗ ಇನ್ನೊಂದು ಮನೆ ನೋಡಿದ್ದಾಳೆ. ಎಂಟೇ ಫ್ಲ್ಯಾಟುಗಳ ಹಳೆಯ ಕಟ್ಟಡ, ಮೊದಲ ಮಹಡಿ. ಚಕ್ಕುಬಂದಿಯನ್ನು ಅವಳೇ ಓದಿದಳು, ಮೂರು ಪತ್ರಗಳಲ್ಲೂ ದಿಕ್ಕುಗಳು ಕದಲಿಲ್ಲ. ಉತ್ತರಕ್ಕಿದ್ದ ಖಾಲಿ ನಿವೇಶನ ಮಾತ್ರ ಕಲ್ಯಾಣ ಮಂಟಪವಾಗಿದೆ. ಅದು ಕಾನೂನಿನ ತಕರಾರಲ್ಲ, ನಿದ್ದೆಯ ತಕರಾರು ಎಂದು ಗಂಡ ಗೊಣಗಿದ. ಆದರೆ ಸ್ವಾಧೀನಾನುಭವ ಪತ್ರ, ಅದೇ ಓಸಿ, ಕೇಳಿದಾಗ ಮಾರುವವರು “ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ” ಎಂದರಂತೆ. ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಬ್ಯಾಂಕ್ ಸಾಲ ಕೊಡಬಾರದು ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ಉತ್ತರ ಬ್ಯಾಂಕಿನಲ್ಲಿ ನಡೆಯುವುದು ಕಷ್ಟ. ಮಾರುವವರು ಮನೆಯ ಬೀರುವಿನಲ್ಲಿ ಹುಡುಕುತ್ತಿದ್ದಾರೆ, ವಕೀಲರು 2004ಕ್ಕೆ ಹಿಂದಿನ ಇಸಿಗೆ ಅರ್ಜಿ ಹಾಕಿಸಿದ್ದಾರೆ. ಬ್ರೋಕರು ಮಾತ್ರ ಬೇರೆ ಪಾರ್ಟಿ ಬಂದಿದೆ ಎಂದು ದಿನಾ ಫೋನ್ ಮಾಡುತ್ತಾನೆ. “ಬರಲಿ ಬಿಡಿ, ಅವರೂ ಓಸಿ ಕೇಳಲಿ” ಎಂದು ಹೇಳಿ ಇಡುತ್ತಾಳೆ. ಟೋಕನ್ ಇನ್ನೂ ಕೊಟ್ಟಿಲ್ಲ.