ಸಕ್ಕರೆ ಗುಳಿಗೆ: ಔಷಧ ಒಂದೇ, ಕರಗುವ ಬಗೆ ಬೇರೆ

ತಾರಿಹಾಳದ ಕಾರ್ಖಾನೆಯೊಂದರಲ್ಲಿ ಲೇಥ್ ನಡೆಸುವ ನಮ್ಮ ಕಾಕಾ ಫೋನ್ ಮಾಡಿದರು. ದನಿಯಲ್ಲಿ ಗಾಬರಿ. "ತಮ್ಮಾ, ಗುಳಿಗಿ ನುಂಗಿದ್ದು ಇದ್ದಂಗ ಹೊರಗ ಬಂದೈತಿ. ಔಷಧ ಮೈಗಿ ಹತ್ತಾಕತ್ತಿಲ್ಲ. ನಾಳಿಂದ ಕುಟ್ಟಿ ನೀರಾಗ ಕಲಸಿ ಕುಡೀತೀನಿ."

"ಕುಟ್ಟಬ್ಯಾಡ್ರಿ ಕಾಕಾ" ಅಂದೆ. ಅವರದು ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಎಸ್‌ಆರ್, ಅಂದರೆ ನಿಧಾನವಾಗಿ ಔಷಧ ಬಿಡುವ ಬಗೆ. ಇದರಲ್ಲಿ ಔಷಧವನ್ನು ನೀರು ಹೀರಿ ಲೋಳೆಯಾಗುವ ವಸ್ತುವಿನೊಳಗೆ ಹುದುಗಿಸಿರುತ್ತಾರೆ. ಹೊಟ್ಟೆಯಲ್ಲಿ ಅದು ಉಬ್ಬಿ, ಗಂಟೆಗಟ್ಟಲೆ ಔಷಧವನ್ನು ತುಸುತುಸುವೇ ಬಿಡುತ್ತದೆ. ಔಷಧವೆಲ್ಲ ಹೊರಬಿದ್ದ ಮೇಲೆ ಉಳಿದ ಮೆತ್ತನೆಯ ಸಿಪ್ಪೆ ಕೆಲವರ ಮಲದಲ್ಲಿ ಗುಳಿಗೆಯ ಆಕಾರದಲ್ಲೇ ಕಾಣುತ್ತದೆ. ಕಾಕಾ ಕಂಡದ್ದು ಅದನ್ನೇ. ಕುಟ್ಟಿದರೆ, ಜಗಿದರೆ ಅಷ್ಟೂ ಔಷಧ ಒಮ್ಮೆಲೇ ಹೊರಬಿದ್ದು ಹೊಟ್ಟೆ ಕೆಡಬಹುದು.

ಎಸ್‌ಆರ್, ಎಕ್ಸ್‌ಆರ್, ಇಆರ್ ಎಂದು ಬರೆದ ಗುಳಿಗೆಗೆ ಶಕ್ತಿ ಹೆಚ್ಚು ಎಂದು ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ದಿನದ ಒಟ್ಟು ಪ್ರಮಾಣ ಒಂದೇ ಇದ್ದರೆ ಸಕ್ಕರೆ ಇಳಿಸುವುದರಲ್ಲಿ ಸಾದಾ ಗುಳಿಗೆ, ಇವು ಎರಡೂ ಹೆಚ್ಚುಕಡಿಮೆ ಸಮ. ಊಟದ ಜೊತೆ ದಿನಕ್ಕೆರಡು ಸಲ ಸಾದಾ ಗುಳಿಗೆ ನುಂಗಿ ಹೊಟ್ಟೆ ಸುಮ್ಮನಿದ್ದರೆ, ದುಬಾರಿ ಎಸ್‌ಆರ್‌ಗೆ ಹಾರುವ ಅಗತ್ಯವೇ ಇಲ್ಲ. ಹೊಟ್ಟೆ ಉಬ್ಬರ, ಭೇದಿ, ವಾಕರಿಕೆ ಕಾಡಿದರೆ, ಅಥವಾ ಎರಡನೆಯ ಹೊತ್ತಿನದು ಮರೆತೇ ಹೋಗುತ್ತಿದ್ದರೆ ಎಸ್‌ಆರ್ ಕೇಳಿ. ಅದನ್ನು ಸಾಮಾನ್ಯವಾಗಿ ರಾತ್ರಿ ಊಟದ ಜೊತೆ ಕೊಡುತ್ತಾರೆ. ನೈಟ್ ಶಿಫ್ಟ್‌ನವರು ತಮ್ಮ ದೊಡ್ಡ ಊಟ ಯಾವ ಹೊತ್ತಿಗೆ ಎಂದು ಡಾಕ್ಟರಿಗೆ ಬಿಡಿಸಿ ಹೇಳಬೇಕು. ನೈಟ್ ಶಿಫ್ಟ್ ಮಾಡುವ ಕಾಕಾ ಇದನ್ನು ಹೇಳಿಯೇ ಇರಲಿಲ್ಲ.

ಈ ಗುಳಿಗೆಯಿಂದ ಕಿಡ್ನಿ ಕೆಡುತ್ತದೆ ಎಂಬ ಹೆದರಿಕೆಯೂ ಇದೆ. ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ. ಕಿಡ್ನಿ ಮೊದಲೇ ಸೋತಿದ್ದರೆ ಔಷಧ ಮೈಯಲ್ಲಿ ಉಳಿದುಬಿಡುತ್ತದೆ. ಅದಕ್ಕೇ ಕಿಡ್ನಿ ಎಷ್ಟು ಸೋಸುತ್ತದೆ ಎಂದು ತೋರಿಸುವ ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದವರಿಗೆ ಕೊಡುವುದಿಲ್ಲ. ವರ್ಷಗಟ್ಟಲೆ ನುಂಗುವವರಲ್ಲಿ ವಿಟಮಿನ್ ಬಿ12 ಇಳಿಯಬಹುದು. ಸಾದಾ ಇರಲಿ, ಎಸ್‌ಆರ್ ಇರಲಿ, ಕಾಲು ಜುಮುಗುಟ್ಟಿದರೆ ರಕ್ತ ಪರೀಕ್ಷೆ ಮಾಡಿಸಿ.

ಎಸ್‌ಆರ್ ಹೌದೋ ಅಲ್ಲವೋ ತಿಳಿಯಲಷ್ಟೇ ಅಲ್ಲ, ಸ್ಟ್ರಿಪ್ ಹಿಂಬದಿ ಓದುವುದು ಇನ್ನೊಂದು ಕಾರಣಕ್ಕೂ ಮುಖ್ಯ. ಬರೀ ಮೆಟ್‌ಫಾರ್ಮಿನ್ನಿಂದ ಸಕ್ಕರೆ ತೀರಾ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್ ಎಂಬ ಇನ್ನೊಂದು ಸಕ್ಕರೆ ಔಷಧ ಬೆರೆತಿದ್ದರೆ ಮಾತೇ ಬೇರೆ: ಊಟ ತಪ್ಪಿಸಿದರೆ ಮೈ ಬೆವರಿ, ಕೈ ನಡುಗಿ, ಮಷಿನ್ ಮುಂದೆಯೇ ತಲೆ ಸುತ್ತಬಹುದು. ಕಾಕಾ ಕಡೆ ಸ್ಟ್ರಿಪ್ ಓದಿಸಿದೆ. ಬರೀ ಮೆಟ್‌ಫಾರ್ಮಿನ್, 500, ಎಸ್‌ಆರ್.