ಎಳೆಯುತ್ತಿರುವುದು ಯಾರು?

ಸೌರಮಂಡಲದಲ್ಲಿ ಗ್ರಹಗಳೆಷ್ಟು? ಎಂಟು ಅಂದಿರಾ? ತಡೆಯಿರಿ! ಇನ್ನೊಂದು ಇರಬಹುದು! ಅದೂ ಪುಟಾಣಿಯಲ್ಲ. ಭೂಮಿಯ ಐದಾರು ಪಟ್ಟು ತೂಕ, ಬಹುಶಃ ಹತ್ತು ಪಟ್ಟು!

ಅದನ್ನು ಯಾರೂ ಕಂಡಿಲ್ಲ. ಆದರೂ ಎಷ್ಟು ಭಾರ, ಎಷ್ಟು ದೂರ, ಎತ್ತ ಹುಡುಕಬೇಕು ಎಂದೆಲ್ಲ ಲೆಕ್ಕ ಹಾಕಿಟ್ಟಿದ್ದಾರೆ! ಹೇಗೆ?

ಗಾಳಿ ಕಣ್ಣಿಗೆ ಕಾಣದು. ಆದರೆ ತೋಟದ ಅಡಿಕೆ ಮರಗಳೆಲ್ಲ ಒಂದೇ ಕಡೆಗೆ ಬಾಗಿದರೆ? ನೆಪ್ಚೂನಿನಾಚೆ ಕಂಡದ್ದೂ ಅಂಥದೇ ಬಾಗು!

2003ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ಖಗೋಳಜ್ಞ ಮೈಕ್ ಬ್ರೌನ್ ಮತ್ತು ಸಂಗಡಿಗರ ಕಣ್ಣಿಗೆ ಕೆಂಪಗಿನ ಪುಟ್ಟ ಲೋಕವೊಂದು ಬಿತ್ತು. ಹೆಸರು ಸೆಡ್ನಾ. ಸೂರ್ಯನಿಗೆ ಒಂದು ಸುತ್ತು ಹಾಕಲು ಅದಕ್ಕೆ ಎಷ್ಟು ಕಾಲ ಬೇಕು, ಊಹಿಸಿ! ನೂರು ವರ್ಷ? ಸಾವಿರ? ಊಹೂಂ. 11,000 ವರ್ಷಕ್ಕೂ ಹೆಚ್ಚು! ಹಿಂದಿನ ಸಲ ಅದು ಸೂರ್ಯನ ಹತ್ತಿರ ಬಂದಾಗ ಮನುಷ್ಯ ಇನ್ನೂ ಬೇಸಾಯ ಕಲಿಯುತ್ತಿದ್ದ!

‘ಹತ್ತಿರ’ ಅಂದರೂ ಎಷ್ಟು? ಭೂಮಿಗೂ ಸೂರ್ಯನಿಗೂ ಇರುವ ದೂರದ 76 ಪಟ್ಟು! ನೆಪ್ಚೂನ್ ಇರುವುದು 30 ಪಟ್ಟು ದೂರದಲ್ಲಿ. ಅದರ ಕೈ ಅಲ್ಲಿಗೆ ಎಟುಕದು. ಹಾಗಾದರೆ ಸೆಡ್ನಾಳನ್ನು ಆಚೆಗೆ ಎಳೆದೊಯ್ದವರು ಯಾರು?

2016ರ ಜನವರಿ. ಬ್ರೌನ್ ಮತ್ತು ಸಹೋದ್ಯೋಗಿ ಕಾನ್‌ಸ್ಟಂಟೀನ್ ಬಟೀಗಿನ್ ಆರು ದೂರದ ಕಾಯಗಳನ್ನು ಮುಂದಿಟ್ಟರು. ಆರರ ಉದ್ದನೆಯ ಕಕ್ಷೆಗಳೂ ಒಂದೇ ಕಡೆಗೆ ಚಾಚಿದ್ದವು! ಬರೀ ಆಕಸ್ಮಿಕವಾಗಿ ಹೀಗಾಗುವ ಸಾಧ್ಯತೆ? ಅವರ ಲೆಕ್ಕದಲ್ಲಿ ಶೇ. 0.007!

ನನಗೆ ಮೈ ಜುಮ್ಮೆಂದದ್ದು ಇದಕ್ಕಲ್ಲ, ಮುಂದಿನದಕ್ಕೆ.

ಕಂಪ್ಯೂಟರ್‌ನಲ್ಲಿ ಅವರು ಒಂದು ಕಾಲ್ಪನಿಕ ಗ್ರಹವನ್ನು ಓಡಿಸಿದರು. ಕಕ್ಷೆಗಳು ಒಂದೆಡೆಗೆ ಬಾಗಿದವು. ಸರಿ. ಆದರೆ ಕೇಳದೇ ಇದ್ದ ಇನ್ನೊಂದು ಉತ್ತರವೂ ಹೊರಬಿತ್ತು! ಕೆಲವು ಕಾಯಗಳು ಗ್ರಹಗಳ ಸಮತಲಕ್ಕೆ ನೆಟ್ಟಗೆ, ಲಂಬವಾಗಿ ಸುತ್ತುತ್ತಿರಬೇಕು ಎಂದಿತು ಲೆಕ್ಕ. ಎಂಥ ವಿಚಿತ್ರ! ಇಬ್ಬರೂ ಆಗಲೇ ಸಿಕ್ಕಿದ್ದ ಕಾಯಗಳ ಪಟ್ಟಿ ತೆಗೆದು ನೋಡಿದರು. ಇದ್ದವು! ಒಂದಲ್ಲ, ಐದು! ಲೆಕ್ಕ ಎಲ್ಲಿ ಎಂದಿತ್ತೋ ಅಲ್ಲೇ!

ಕಾಗದದ ಮೇಲಿನ ಲೆಕ್ಕದಿಂದ ಗ್ರಹ ಸಿಗುತ್ತದೆಯೇ ಎನ್ನುತ್ತೀರಾ? ಸಿಕ್ಕಿದೆ! ಎಲ್ಲಿ ಹುಡುಕಬೇಕೆಂದು ಲೆಕ್ಕ ಹಾಕಿ ಫ್ರಾನ್ಸಿನ ಖಗೋಳಜ್ಞ ಲವೆರಿಯೆ ಬರೆದ ಪತ್ರ 1846ರ ಸೆಪ್ಟೆಂಬರ್ 23ರಂದು ಬರ್ಲಿನ್ ತಲುಪಿತು. ಅದೇ ರಾತ್ರಿ ಅಲ್ಲಿನ ಖಗೋಳಜ್ಞ ಗಾಲೆ ದೂರದರ್ಶಕ ತಿರುಗಿಸಿದ. ಲೆಕ್ಕ ಹೇಳಿದ ಜಾಗದಿಂದ ಒಂದೇ ಡಿಗ್ರಿಯೊಳಗೆ ನೆಪ್ಚೂನ್!

ಮತ್ತೆ ಈ ಒಂಬತ್ತನೆಯದು ಯಾಕೆ ಸಿಗುತ್ತಿಲ್ಲ? ಸೂರ್ಯನ ಬೆಳಕು ಅಷ್ಟು ದೂರ ಹೋಗಬೇಕು, ಬಡಿದು ಅಷ್ಟೇ ದೂರ ವಾಪಸು ಬರಬೇಕು! ಗ್ರಹವೊಂದು ಹತ್ತು ಪಟ್ಟು ದೂರ ಸರಿದರೆ ನಮಗೆ ಕಾಣುವ ಬೆಳಕು ಎಷ್ಟಕ್ಕೆ ಇಳಿಯುತ್ತದೆ? ಹತ್ತರಲ್ಲಿ ಒಂದಕ್ಕೆ? ನೂರರಲ್ಲಿ ಒಂದಕ್ಕೆ? ಅಲ್ಲ, ಹತ್ತು ಸಾವಿರದಲ್ಲಿ ಒಂದಕ್ಕೆ!

ಅದು ಗ್ರಹವೇ ಅಲ್ಲದಿದ್ದರೆ? 2019ರಲ್ಲಿ ಶೋಲ್ಟ್ಸ್ ಮತ್ತು ಅನ್ವಿನ್ ಎಂಬಿಬ್ಬರು ವಿಜ್ಞಾನಿಗಳು ಹೇಳಿದರು: ವಿಶ್ವದ ಆರಂಭದಲ್ಲಿ ಹುಟ್ಟಿದ ಕಪ್ಪುಕುಳಿ ಇರಬಹುದು! ಐದು ಭೂಮಿಗಳ ತೂಕ, ಅಗಲ ಮಾತ್ರ ಸುಮಾರು 9 ಸೆಂಟಿಮೀಟರ್! ತಮ್ಮ ಪ್ರಬಂಧದ ಪುಟದಲ್ಲೇ ಅದರ ನಿಜಗಾತ್ರದ ಚಿತ್ರ ಹಾಕಿಬಿಟ್ಟರು, ಒಂದು ಕಪ್ಪು ವೃತ್ತ!

ಒಪ್ಪದವರೂ ಇದ್ದಾರೆ. ದೂರದರ್ಶಕಗಳು ಹೆಚ್ಚು ನೋಡಿದ ಕಡೆಯೇ ಹೆಚ್ಚು ಕಾಯಗಳು ಸಿಕ್ಕಿವೆ, ಅಷ್ಟೇ ಎನ್ನುತ್ತಾರೆ. 2025ರಲ್ಲಿ ಪ್ರಕಟವಾದ ‘2017 ಓಎಫ್201’ ಎಂಬ ಕಾಯವಂತೂ ಆ ಗುಂಪಿಗೆ ಸೇರದೆ ಬೇರೆ ಕಡೆಗೇ ಚಾಚಿಕೊಂಡಿದೆ! ಇದು ಗಟ್ಟಿಯಾದ ತಕರಾರೇ.

ಆದರೆ ಈಗ ಕಣಕ್ಕಿಳಿದಿದೆ ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ! ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಹೇಳಿ! 3,200! ಹತ್ತು ವರ್ಷ ಅದು ದಕ್ಷಿಣದ ಆಕಾಶವನ್ನು ಕೆಲವೇ ರಾತ್ರಿಗಳಿಗೊಮ್ಮೆ ಮತ್ತೆ ಮತ್ತೆ ಚಿತ್ರಿಸಲಿದೆ. ಎರಡು ಚಿತ್ರ ಪಕ್ಕಪಕ್ಕ ಇಟ್ಟಾಗ ಯಾವ ಚುಕ್ಕೆ ಸರಿದಿದೆ ಎಂದು ಹುಡುಕುವುದೇ ಆಟ!

ಇನ್ನೊಂದು ಗೊತ್ತೇ? ನೆಪ್ಚೂನನ್ನು ಗೆಲಿಲಿಯೋ 1612ರಲ್ಲೇ ನೋಡಿದ್ದ! ನಕ್ಷತ್ರವೆಂದುಕೊಂಡು ಬರೆದಿಟ್ಟ! ಒಂಬತ್ತನೆಯದೂ ಈಗಾಗಲೇ ಯಾವುದೋ ಹಳೆಯ ಚಿತ್ರದಲ್ಲಿ ನಕ್ಷತ್ರದ ವೇಷದಲ್ಲಿ ಕೂತಿರಬಹುದಲ್ಲ?